ಮನೆಯಲ್ಲೇ ಮೆಡಿಟರೇನಿಯನ್ ಬೌಲ್: ಕ್ವಿನೋವಾ, ಅವಕಾಡೊ ಬೇಕೇ ಬೇಕಾ?

‘ದಿನಕ್ಕೊಂದು ಮೆಡಿಟರೇನಿಯನ್ ಬೌಲ್ ತಿನ್ನಿ, ಹೃದಯದ ಮಾತ್ರೆ ಬಿಡಿ’ ಎಂಬ ಧಾಟಿಯ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಅದರ ಚಿತ್ರದಲ್ಲಿ ಸಾಮಾನ್ಯವಾಗಿ ಕ್ವಿನೋವಾ, ಅವಕಾಡೊ, ಆಲಿವ್ ಇರುತ್ತವೆ. ಎಲ್ಲವೂ ದುಬಾರಿ. ಇದರಲ್ಲಿ ನಿಜವೆಷ್ಟು, ಸಸ್ಯಾಹಾರಿಗಳು ಮನೆಯಲ್ಲಿ ಮಾಡಿಕೊಳ್ಳುವುದು ಹೇಗೆ ಎಂದು ನೋಡೋಣ.

ಇದು ಎಲ್ಲಿಯ ಊಟ?

ಗ್ರೀಸ್‌ನ ಕ್ರೀಟ್ ದ್ವೀಪ, ದಕ್ಷಿಣ ಇಟಲಿಯಂಥ ಕಡೆಗಳ ರೈತರು, ಬಡವರು ತಿನ್ನುತ್ತಿದ್ದ ಊಟವಿದು. ಬ್ರೆಡ್, ಕಾಳು, ತರಕಾರಿ, ಹಣ್ಣು, ಆಲಿವ್ ಎಣ್ಣೆ ಮುಖ್ಯ. ಮೀನು ಸ್ವಲ್ಪ, ಮಾಂಸ ಕಡಿಮೆ. ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ 1958ರಲ್ಲಿ ಆರಂಭಿಸಿದ ಏಳು ದೇಶಗಳ ಅಧ್ಯಯನದಿಂದ ಇದು ಜಗತ್ತಿಗೆ ಪರಿಚಯವಾಯಿತು. ಕ್ವಿನೋವಾ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳದ್ದು, ಅವಕಾಡೊ ಮೆಕ್ಸಿಕೊ ಕಡೆಯದ್ದು. ಇವೆರಡೂ ಇಲ್ಲದಿದ್ದರೆ ಏನೂ ನಷ್ಟವಿಲ್ಲ.

ಹೃದಯಕ್ಕೆ ಒಳ್ಳೆಯದೇ?

ಹೌದು, ಆದರೆ ಫಾರ್ವರ್ಡ್ ಹೇಳುವಂತೆ ಅಲ್ಲ. ಸ್ಪೇನ್‌ನಲ್ಲಿ ಹೃದ್ರೋಗದ ಅಪಾಯ ಹೆಚ್ಚಿದ್ದ ಸುಮಾರು 7,400 ಜನರ ಮೇಲೆ ‘ಪ್ರೆಡಿಮೆಡ್’ ಎಂಬ ಅಧ್ಯಯನ ನಡೆಯಿತು. ಒಂದು ಗುಂಪಿಗೆ ಈ ಆಹಾರಕ್ರಮದ ಜೊತೆ ಆಲಿವ್ ಎಣ್ಣೆ, ಇನ್ನೊಂದಕ್ಕೆ ವಾಲ್ನಟ್, ಬಾದಾಮಿಯಂಥ ಬೀಜಗಳನ್ನು ಕೊಟ್ಟರು. ಮೂರನೆಯ ಗುಂಪಿಗೆ ಕೊಬ್ಬು ಕಡಿಮೆ ಮಾಡಲು ಸಲಹೆ ನೀಡಿದರು. ಮೂರನೆಯ ಗುಂಪಿಗೆ ಹೋಲಿಸಿದರೆ ಮೊದಲೆರಡರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮತ್ತು ಅವುಗಳಿಂದಾಗುವ ಸಾವು ಒಟ್ಟಾಗಿ ಸುಮಾರು ಶೇ 30ರಷ್ಟು ಕಡಿಮೆ ಇತ್ತು. 2013ರ ಈ ವರದಿಯನ್ನು, ಜನರನ್ನು ಗುಂಪುಗಳಿಗೆ ಹಂಚುವಾಗ ಆದ ಲೋಪಗಳಿಂದಾಗಿ 2018ರಲ್ಲಿ ಹಿಂಪಡೆದು, ಮತ್ತೆ ಲೆಕ್ಕ ಹಾಕಿ ಪ್ರಕಟಿಸಲಾಯಿತು. ಫಲಿತಾಂಶ ಹೆಚ್ಚು ಬದಲಾಗಲಿಲ್ಲ.

ಫಾರ್ವರ್ಡ್ ಹೇಳದ ವಿಷಯಗಳು ಎರಡು. ಇದು ವರ್ಷಗಟ್ಟಲೆ ಪಾಲಿಸಿದ ಇಡೀ ಆಹಾರಕ್ರಮದ ಫಲ, ಒಂದು ಬೌಲಿನದ್ದಲ್ಲ. ಜೊತೆಗೆ, ಅಧ್ಯಯನದಲ್ಲಿದ್ದ ಅನೇಕರು ಬಿಪಿ, ಕೊಲೆಸ್ಟ್ರಾಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಊಟ ಮಾತ್ರೆಗೆ ಬದಲಿಯಲ್ಲ.

ಮಾಡುವುದು ಹೇಗೆ? (ಇಬ್ಬರಿಗೆ)

1. ಅರ್ಧ ಕಪ್ ಕಾಬೂಲ್ ಕಡಲೆಯನ್ನು ರಾತ್ರಿಯಿಡೀ ನೆನೆಸಿ. ನೀರು ಬಸಿದು, ಹೊಸ ನೀರು ಹಾಕಿ, ಕುಕ್ಕರ್‌ನಲ್ಲಿ ಮೆತ್ತಗಾಗುವವರೆಗೆ 5–6 ವಿಷಲ್ ಕೂಗಿಸಿ.

2. ಅರ್ಧ ಕಪ್ ಗೋಧಿ ನುಚ್ಚನ್ನು ಹುರಿದು, ಒಂದೂವರೆ ಕಪ್ ನೀರಿನಲ್ಲಿ ಬೇಯಿಸಿ. ಲೆಬನಾನ್, ಟರ್ಕಿ ಕಡೆ ಬಳಸುವ ಬಲ್ಗರ್ ಕೂಡ ಗೋಧಿ ನುಚ್ಚೇ. ಆದರೆ ಅದನ್ನು ಮೊದಲೇ ಬೇಯಿಸಿ ಒಣಗಿಸಿರುತ್ತಾರೆ. ನಮ್ಮದಕ್ಕೆ ಬೇಯಲು ಹೆಚ್ಚು ಹೊತ್ತು ಬೇಕು.

3. ಸೌತೆಕಾಯಿ, ಟೊಮೆಟೊ, ಕ್ಯಾಪ್ಸಿಕಂ, ಈರುಳ್ಳಿ ಹೆಚ್ಚಿಡಿ. ಪಾರ್ಸ್ಲಿ ಸಿಗದಿದ್ದರೆ ಕೊತ್ತಂಬರಿ, ಪುದೀನ ಸಾಕು.

4. ಒಂದು ದೊಡ್ಡ ಚಮಚ ಬಿಳಿ ಎಳ್ಳು ಹುರಿದು ಪುಡಿ ಮಾಡಿ. ಅರ್ಧ ಕಪ್ ಗಟ್ಟಿ ಮೊಸರು, ಒಂದು ಎಸಳು ಬೆಳ್ಳುಳ್ಳಿ, ನಿಂಬೆರಸ, ಚಿಟಿಕೆ ಉಪ್ಪಿನ ಜೊತೆ ಕಲಸಿ.

5. ಎಲ್ಲವನ್ನೂ ಎರಡು ಬಟ್ಟಲಿಗೆ ಹಂಚಿ, ತಲಾ ಒಂದು ದೊಡ್ಡ ಚಮಚ ಆಲಿವ್ ಎಣ್ಣೆ ಹಾಕಿ. ಬಟ್ಟಲಿನ ಅರ್ಧ ಭಾಗ ತರಕಾರಿ ಇರಲಿ.

ಬೇರೆ ಎಣ್ಣೆ ಆಗುತ್ತದೆಯೇ?

ಕಡಲೆಕಾಯಿ ಎಣ್ಣೆ ಬಳಸಬಹುದು. ಅದರಲ್ಲೂ ಆಲಿವ್ ಎಣ್ಣೆಯಲ್ಲಿರುವ ಬಗೆಯ ಕೊಬ್ಬು ಸಾಕಷ್ಟಿದೆ. ಆದರೆ ಅಧ್ಯಯನ ನಡೆದದ್ದು ಆಲಿವ್ ಎಣ್ಣೆಯ ಮೇಲೆ, ಹಾಗಾಗಿ ಅದೇ ಫಲ ಖಚಿತ ಎನ್ನಲಾಗದು. ಯಾವ ಎಣ್ಣೆಯಾದರೂ ಒಂದು ದೊಡ್ಡ ಚಮಚಕ್ಕೆ ಸುಮಾರು 120 ಕ್ಯಾಲೊರಿ. ಹೃದಯಕ್ಕೆ ಒಳ್ಳೆಯದೆಂದು ಮೇಲಿಂದ ಮೇಲೆ ಸುರಿಯಬೇಡಿ.

ಯಾರಿಗೆ ಎಚ್ಚರ?

ಬಾಟಲಿಯ ಆಲಿವ್, ಫೆಟಾ ಚೀಸ್‌ನಲ್ಲಿ ಉಪ್ಪು ಜಾಸ್ತಿ. ಬಿಪಿ ಇದ್ದವರಿಗೆ ಅದರ ಬದಲು ಉಪ್ಪಿಲ್ಲದ ಮನೆಯ ಪನೀರ್ ಒಳ್ಳೆಯದು. ಸಕ್ಕರೆ ಕಾಯಿಲೆ ಇದ್ದವರು ನುಚ್ಚು ಕಡಿಮೆ ಮಾಡಿ ತರಕಾರಿ ಹೆಚ್ಚಿಸಿಕೊಳ್ಳಿ. ಕಿಡ್ನಿ ತೊಂದರೆ ಇದ್ದವರು ಕಾಳು, ಟೊಮೆಟೊ ಎಷ್ಟು ತಿನ್ನಬಹುದೆಂದು ವೈದ್ಯರನ್ನು ಕೇಳಿ.

ನಮ್ಮ ತೀರ್ಮಾನ

ಬೌಲ್ ಒಳ್ಳೆಯ ಊಟ, ಔಷಧವಲ್ಲ. ಅದಕ್ಕೆ ಬೇಕಾದ ಬಹುಪಾಲು ಸಾಮಾನು ನಿಮ್ಮ ಬೀದಿಯ ಅಂಗಡಿಯಲ್ಲೇ ಇದೆ. ‘ಮಾತ್ರೆ ಬಿಡಿ’ ಎಂಬ ಸಾಲಿರುವ ಯಾವ ಫಾರ್ವರ್ಡನ್ನೂ ಮುಂದೆ ಕಳಿಸಬೇಡಿ. ಅದನ್ನು ನಂಬಿ ನಿಮ್ಮ ಮನೆಯ ಹಿರಿಯರೇ ಮಾತ್ರೆ ನಿಲ್ಲಿಸಬಹುದು.