ಡೆಸ್ಕಿನ ಕೆಳಗಿನ ಕಾದಂಬರಿ

ಧಾರವಾಡದ ಸಾಲಿಗಳಲ್ಲಿ ಅಲಂಕಾರಕ್ಕೂ ಕಾದಂಬರಿಗೂ ಬಹಳ ಕಾಲ ಮಾತುಕತೆಯೇ ಇರಲಿಲ್ಲ. ಅಲಂಕಾರ ಬೋರ್ಡಿನ ಮೇಲೆ ಮಾಸ್ತರರ ಖಡುವಿನಲ್ಲಿ, ಕಾದಂಬರಿ ಡೆಸ್ಕಿನ ಕೆಳಗೆ ನಮ್ಮ ತೊಡೆಯ ಮೇಲೆ. ಮಾಳಮಡ್ಡಿಯಲ್ಲೇ ಕಲಿತು, ಇಲ್ಲೇ ಕನ್ನಡ ಕಲಿಸಿ ನಿವೃತ್ತಳಾದ ನಾನು ಎರಡನ್ನೂ ಹತ್ತಿರದಿಂದ ಬಲ್ಲೆ.

ಬೋರ್ಡಿನ ಮಾತು ಮೊದಲು. ಉಪಮೇಯ, ಉಪಮಾನ, ಸಮಾನಧರ್ಮ, ವಾಚಕಪದ ಅಂತ ನಾಲ್ಕು ಮನೆ ಗೀಚಿ, ವಾಕ್ಯವನ್ನು ಬಿಡಿಸಿ ಒಂದೊಂದರಲ್ಲಿ ಕೂಡ್ರಿಸಬೇಕು. ಮುಖ ಬಂತೆಂದರೆ ಹಿಂದೆಯೇ ಕಮಲ ಬರಬೇಕು, ಇಲ್ಲವಾದರೆ ಚಂದ್ರ. ಕೊನೆಗೆ ‘ಲಕ್ಷಣದೊಂದಿಗೆ ಸಮನ್ವಯಗೊಳಿಸಿರಿ’. ಇದೇನು ನಿನ್ನೆ ಮೊನ್ನೆಯ ಪದ್ಧತಿಯಲ್ಲ. ಕ್ರಿ.ಶ. 850ರ ಸುಮಾರಿಗೆ ‘ಕವಿರಾಜಮಾರ್ಗ’ವು ದಂಡಿಯ ‘ಕಾವ್ಯಾದರ್ಶ’ವನ್ನು ಅನುಸರಿಸಿ ಅಲಂಕಾರಗಳನ್ನು ಕನ್ನಡಕ್ಕೆ ತಂದಿತು. ಆ ಪಟ್ಟಿಯ ಒಂದು ತುಂಡು ಸಾವಿರ ವರ್ಷ ದಾಟಿ ನಮ್ಮ ಪ್ರಶ್ನೆಪತ್ರಿಕೆಯಲ್ಲಿ ಕೆಲವೇ ಮಾರ್ಕಿಗೆ ಬಂದು ನಿಂತಿದೆ. ಉದಾಹರಣೆಗೆ ‘ಉಪಮಾಲೋಲ’ ಲಕ್ಷ್ಮೀಶ ಇದ್ದೇ ಇದ್ದ. ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಪಾಠ ಹೇಳಿದ್ದ ಬೇಂದ್ರೆಯವರು ಇದೇ ಊರಿನವರು, ಮಾತಿಗೊಂದು ಶ್ಲೇಷೆ ಆಡುವವರು. ಆದರೂ ಶ್ಲೇಷೆಗೆ ಉದಾಹರಣೆ ಕೇಳಿದರೆ ನಮ್ಮ ಮಾಸ್ತರರು ಹಳಗನ್ನಡಕ್ಕೇ ಓಡುತ್ತಿದ್ದರು.

ಇನ್ನು ಡೆಸ್ಕಿನ ಕೆಳಗೆ. ಹನ್ನೆರಡು ಹದಿಮೂರು ವಯಸ್ಸಿನವರಿಗೆ ಅಂತಲೇ ಬರೆದ ಕಾದಂಬರಿ ನಮಗೆ ಸಿಗುತ್ತಿರಲಿಲ್ಲ. ‘ಚಂದಮಾಮ’ ಮುಗಿಸಿದವರು ನೇರವಾಗಿ ದೊಡ್ಡವರ ಪುಸ್ತಕಕ್ಕೆ ಕೈಹಾಕಬೇಕು. ನಮ್ಮಜ್ಜನ ಕಾಲದ ಹುಡುಗರಿಗೆ ಗಳಗನಾಥರಿದ್ದರು. ಅವರೂ ಸಾಲಿ ಮಾಸ್ತರರೇ. 1907ರಲ್ಲಿ ‘ಸದ್ಬೋಧ ಚಂದ್ರಿಕೆ’ ಪತ್ರಿಕೆ ಶುರುವಾದಾಗ ಅದರ ಬೆನ್ನಿಗೆ ನಿಂತವರು, ಪುಸ್ತಕದ ಗಂಟು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ಅವರ ‘ಮಾಧವ ಕರುಣಾವಿಲಾಸ’ ಓದಿ ವಿಜಯನಗರ ಕಂಡವರು ಇತಿಹಾಸದ ಪಾಠ ಓದಿದವರಿಗಿಂತ ಹೆಚ್ಚೇ ಇದ್ದಾರು.

1933ರಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಕಟ್ಟಿ ಚಂದಾದಾರರನ್ನು ಕೂಡಿಸಿದರು. ಸುಭಾಸ ರಸ್ತೆಯಲ್ಲಿನ ಅದರ ಅಟ್ಟದಿಂದ ಹೊರಟ ಪುಸ್ತಕ ಅಪ್ಪನ ಹೆಸರಿಗೆ ಬರುತ್ತಿತ್ತು, ಮೊದಲು ಓದುತ್ತಿದ್ದವಳು ನಾನು. ಅರ್ಥವಾಗದ್ದನ್ನು ಹಾರಿಸುತ್ತಿದ್ದೆ. ಹಾರಿಸಿದ್ದೇ ಹೆಚ್ಚು!

ಆದರೆ ನಮ್ಮ ವಯಸ್ಸಿಗೆ ನಿಜವಾಗಿ ಒಪ್ಪಿದ್ದು ಹುಬ್ಬಳ್ಳಿಯ ‘ಕಸ್ತೂರಿ’. 1956ರಲ್ಲಿ ಹುಟ್ಟಿದ, ಪಾ.ವೆಂ. ಆಚಾರ್ಯರ ಕೈಯಲ್ಲಿ ಬೆಳೆದ ಆ ಮಾಸಿಕದ ಕೊನೆಗೆ ಒಂದು ಪುಸ್ತಕದ ಸಂಗ್ರಹರೂಪ ಇರುತ್ತಿತ್ತು. ಅವ್ವ ಆ ಹಾಳೆಗಳನ್ನಷ್ಟೇ ಹುಷಾರಾಗಿ ಬಿಡಿಸಿ, ದಬ್ಬಣದಿಂದ ತೂತು ಕೊರೆದು, ದಾರ ಪೋಣಿಸಿ, ಹಳೇ ಕ್ಯಾಲೆಂಡರಿನ ರಟ್ಟು ಹಚ್ಚಿ ಇಡುತ್ತಿದ್ದಳು. ರಟ್ಟಿನ ಒಳಮಗ್ಗುಲಲ್ಲಿ ಏಕಾದಶಿ, ಸಂಕಷ್ಟಿ. ತಿರುವಿದರೆ ಯಾವುದೋ ದೇಶದ ಹಿಮಗಾಳಿ. ಓಣಿಯ ಆರೇಳು ಮನೆಗೆ ಅದೇ ಲೈಬ್ರರಿ.

ತೇಜಸ್ವಿಯವರ ‘ಕರ್ವಾಲೊ’ ಬಂದದ್ದು 1980ರಲ್ಲಿ. ನಾನು ಕಲಿಸಲು ನಿಂತ ಮೇಲೆ, ಪಾಠ ಮುಗಿದು ಉಳಿದ ತಾಸುಗಳಲ್ಲಿ ಎಂಟನೇ ಇಯತ್ತೆಗೆ ಅದನ್ನು ಓದಿ ಹೇಳುತ್ತಿದ್ದೆ. ಇಷ್ಟೆಲ್ಲ ಹುಡುಕಿದ ಹಾರುವ ಓತಿ ಕೊನೆಗೆ ಕೈಗೆ ಸಿಗದೆ ಕಣಿವೆಗೆ ತೇಲಿ ಹೋದಾಗ ಒಬ್ಬ ಹುಡುಗ ಎದ್ದು ನಿಂತ. ‘ಅಕ್ಕೋರ, ಓತಿ ಅಂದ್ರ ಬರೇ ಓತಿ ಅಲ್ಲಲ್ರೀ? ಇದು ಯಾವ ಅಲಂಕಾರ್ರಿ?’

ನಮ್ಮ ಪಟ್ಟಿಯಲ್ಲಿ ಅದಕ್ಕೆ ಮನೆ ಇರಲಿಲ್ಲ. ನಾವು ಕಲಿಸುವ ಅಲಂಕಾರ ಒಂದು ವಾಕ್ಯದೊಳಗೆ, ಹೆಚ್ಚೆಂದರೆ ಒಂದು ಪದ್ಯದೊಳಗೆ ತನ್ನ ಕೆಲಸ ಮುಗಿಸುತ್ತದೆ. ನೂರು ಪುಟ ಹಿಂದೆ ಬಿತ್ತಿದ್ದು ಕೊನೆಗೆ ಮೊಳೆಯುವುದು, ಕಥೆ ಹೇಳುವವನಿಗೇ ಪೂರ್ತಿ ತಿಳಿಯದಿರುವುದು, ಒಂದು ಪ್ರಾಣಿ ಕಥೆಯನ್ನೆಲ್ಲ ಹೊತ್ತು ತಿರುಗುವುದು – ಇವು ಕಾದಂಬರಿಯ ಕಸುಬು. ಆನಂದವರ್ಧನನ ಧ್ವನಿವಿಚಾರ ಹಿಡಿದು ಹೊರಟರೆ ಅಲ್ಲಿಗೆ ದಾರಿ ಸಿಗುತ್ತಿತ್ತು. ಅದನ್ನು ಎಂ.ಎ.ಗೆ ಎತ್ತಿಟ್ಟು ಹುಡುಗರಿಗೆ ಕಮಲ, ಚಂದ್ರ ಉಳಿಸಿದ್ದೇವೆ.

ಅಮೆರಿಕದ ಸಾಲಿಗಳಲ್ಲಿ ಹಾಗಲ್ಲ ಅಂತ ನನಗೆ ಹೊಟ್ಟೆಕಿಚ್ಚಿತ್ತು. ಎಸ್.ಇ. ಹಿಂಟನ್ ಹೈಸ್ಕೂಲಿನಲ್ಲಿದ್ದಾಗಲೇ ಬರೆದ ‘ದಿ ಔಟ್‌ಸೈಡರ್ಸ್’ 1967ರಲ್ಲಿ ಬಂತು, ಲೋಯಿಸ್ ಲೌರಿಯ ‘ದಿ ಗಿವರ್’ 1993ರಲ್ಲಿ. ಅಲ್ಲಿ ಇಂಥ ಪುಸ್ತಕ ಮುಂದಿಟ್ಟುಕೊಂಡೇ ಸಂಕೇತ, ಮುನ್ಸೂಚನೆ ಕಲಿಸುತ್ತಾರೆ. ಏಳನೇ ಇಯತ್ತೆಯ ಮೊಮ್ಮಗಳು ಅಲ್ಲಿಂದ ರಜೆಗೆ ಬಂದಾಗ ‘ದಿ ಗಿವರ್’ ತಂದಿದ್ದಳು. ಹುಡುಗ ಹಿಮದ ಮೇಲೆ ಜಾರುಬಂಡಿಯಲ್ಲಿ ಇಳಿಯುವ ಕಡೆ, ಬದಿಯಲ್ಲಿ ಪೆನ್ಸಿಲಿನಿಂದ ‘ಸಿಂಬಲ್’ ಅಂತ ಬರೆದು ಸುತ್ತು ಹಾಕಿದ್ದಳು. ‘ಓದಾಗ ಏನನ್ನಿಸ್ತವ್ವಾ?’ ಅಂದೆ. ‘ಅಜ್ಜಿ, ಅದನ್ನ ಕೇಳಂಗಿಲ್ಲ’ ಅಂದಳು. ಸಮನ್ವಯ ಸಮುದ್ರ ದಾಟಿಯೂ ಸಮನ್ವಯವೇ!

ಈಗ ಕನ್ನಡದಲ್ಲೂ ಹುಡುಗರ ಕಾದಂಬರಿಗೆ ಒಳ್ಳೆಯ ದಿನ ಬಂದಿವೆ. ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ಕ್ಕೆ 2021ರಲ್ಲಿ, ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ಗೆ 2022ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು. ಎರಡನ್ನೂ ತರಿಸಿ ಓಣಿಯ ಹುಡುಗರಿಗೆ ಕೊಟ್ಟಿದ್ದೇನೆ. ಅಲಂಕಾರ ಕೇಳುವುದಿಲ್ಲ ಅಂತ ಮಾತು ಕೊಟ್ಟೇ ಕೊಟ್ಟದ್ದು. ‘ಬಾವಲಿ ಗುಹೆ’ ಇನ್ನೂ ಹೊಳ್ಳಿ ಬಂದಿಲ್ಲ. ಕೇಳಿದರೆ ‘ನಮ್ಮಪ್ಪ ಓದಾಕತ್ತಾರ್ರಿ’ ಅನ್ನುತ್ತಾರೆ.