ಪೇಶಂಟ್ ಹತ್ತಿರ ಯಾರಿದ್ದಾರೆ?

1994ರ ಮಳೆಗಾಲ. ಊರಿಂದ ಚಿಕ್ಕಪ್ಪನ ಇಸಿಜಿ ಒಂದು ಖಾಕಿ ಕವರಿನಲ್ಲಿ ಮುಂಬೈಗೆ ಬಂತು. ಶಿರಸಿಯಿಂದ ಹುಬ್ಬಳ್ಳಿಗೆ, ಅಲ್ಲಿಂದ ರಾತ್ರಿ ಬಸ್ಸಿಗೆ, ಪರಿಚಯದ ಕಂಡಕ್ಟರ್ ಕೈಯಲ್ಲಿ. (ಇಂಥ ಕವರು ನಿಮ್ಮ ಮನೆಗೂ ಬಂದಿರುತ್ತದೆ ಬಿಡಿ. ಊರವರ ಪಾಲಿಗೆ ನಾವೇ ದೊಡ್ಡಾಸ್ಪತ್ರೆಯ ಬಾಗಿಲು!) ಅದನ್ನು ಹಿಡಿದುಕೊಂಡು ಪರೇಲಿನಲ್ಲಿ ಹೃದಯತಜ್ಞರೊಬ್ಬರ ಮುಂದೆ ಕೂತೆ. ಕಾಗದ ನೋಡಿ ಅವರು ಕೇಳಿದ್ದು ಒಂದೇ: "ಈಗ ಪೇಶಂಟ್ ಹತ್ತಿರ ಯಾರಿದ್ದಾರೆ?" ನನ್ನಲ್ಲಿ ಉತ್ತರ ಇರಲಿಲ್ಲ. ಸಂಜೆ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದರೆ, ಚಿಕ್ಕಪ್ಪ ಬೆಳಿಗ್ಗೆಯೇ ಹೋಗಿದ್ದರು.

ಅಂದಿನಿಂದ ಟೆಲಿಮೆಡಿಸಿನ್ ಎಂಬ ಹೆಸರು ಕಂಡಲ್ಲೆಲ್ಲ ಓದುವ ಚಟ ಹತ್ತಿದೆ. ಓದುವಾಗ ಗೊತ್ತಾಗಿ ನಕ್ಕ ಸಂಗತಿಯೊಂದು: ಹಾಲೆಂಡಿನ ಲೈಡನ್ನಿನಲ್ಲಿ ಐಂಥೋವನ್ ಎಂಬ ಪುಣ್ಯಾತ್ಮ 1905ರಲ್ಲೇ ಆಸ್ಪತ್ರೆಯ ರೋಗಿಯ ಇಸಿಜಿಯನ್ನು ಟೆಲಿಫೋನ್ ತಂತಿಯಲ್ಲಿ ಒಂದೂವರೆ ಕಿಲೋಮೀಟರ್ ದೂರದ ತನ್ನ ಪ್ರಯೋಗಾಲಯಕ್ಕೆ ತರಿಸಿಕೊಂಡಿದ್ದ. ಅದಾಗಿ ಸುಮಾರು 90 ವರ್ಷ ಕಳೆದರೂ ನಮ್ಮದು ಬಸ್ಸಿನಲ್ಲೇ ಬರುತ್ತಿತ್ತು.

ನಮ್ಮ ದೇಶದಲ್ಲಿ ಉಪಗ್ರಹ ಹಳ್ಳಿಗೆ ಬಂದದ್ದು ಮೊದಲು ಟೀವಿಯಾಗಿ. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ 'ಸೈಟ್' ಪ್ರಯೋಗದ ಕಾರ್ಯಕ್ರಮ ತೋರಿಸಿದರು. ನಮ್ಮ ಬಿಜಾಪುರ, ಗುಲ್ಬರ್ಗ, ರಾಯಚೂರು ಕಡೆಯ ಹಳ್ಳಿಗಳೂ ಅದರಲ್ಲಿದ್ದವು. ಕೃಷಿಯ ಜೊತೆ ಆರೋಗ್ಯದ ಪಾಠ. ಆದರೆ ಪೆಟ್ಟಿಗೆ ಮಾತಾಡುತ್ತಿತ್ತು, ಹಳ್ಳಿಯವನು ಕೇಳುತ್ತಿದ್ದ, ಅಷ್ಟೇ. ತನ್ನ ಎದೆನೋವನ್ನು ಅದಕ್ಕೆ ಹೇಳುವ ದಾರಿ ಇರಲಿಲ್ಲ.

ಆ ದಾರಿ ತೆರೆದದ್ದು 2000ದ ಸುಮಾರಿಗೆ. ಆಂಧ್ರದ ಚಿತ್ತೂರು ಜಿಲ್ಲೆಯ ಅರಗೊಂಡ ಅಪೋಲೊ ಆಸ್ಪತ್ರೆಗಳ ಸ್ಥಾಪಕ ಪ್ರತಾಪ್ ರೆಡ್ಡಿಯವರ ಹುಟ್ಟೂರು. ಅಲ್ಲಿನ ಟೆಲಿಮೆಡಿಸಿನ್ ಕೇಂದ್ರಕ್ಕೆ ಆ ವರ್ಷ ಮಾರ್ಚ್‌ನಲ್ಲಿ ಚಾಲನೆ ಕೊಟ್ಟವರು ಅಧ್ಯಕ್ಷ ಕ್ಲಿಂಟನ್. ಪೇಪರುಗಳಲ್ಲೆಲ್ಲ ಅದೇ ಸುದ್ದಿ. ನನಗೆ ಹೆಚ್ಚು ಮುಖ್ಯ ಅನ್ನಿಸಿದ್ದು ನಂತರ ನಮ್ಮಲ್ಲಿ ನಡೆದದ್ದು. ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ, ಹೆಗ್ಗಡದೇವನಕೋಟೆ ಕಡೆಯ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಇಸ್ರೋ ತನ್ನ ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತು. ಸರಗೂರು ಅಂದರೆ ಕಾಡಿನಂಚು. ಜೇನುಕುರುಬರ, ಕಾಡುಕುರುಬರ ಸೀಮೆ. ಎದೆನೋವು ಅಂತ ಬಂದವನ ಇಸಿಜಿ ಬೆಂಗಳೂರಿನಲ್ಲಿ ಕಾಣುತ್ತದೆ. ತಜ್ಞರು ಅದನ್ನು ನೋಡಿ ಸಲಹೆ ಕೊಡುತ್ತಾರೆ. ಆದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಡಬೇಕಾದವರು, ಕೊಟ್ಟ ಮೇಲೆ ಹಾಸಿಗೆ ಪಕ್ಕ ನಿಂತು ನೋಡಿಕೊಳ್ಳಬೇಕಾದವರು ಅಲ್ಲಿಯ ಡಾಕ್ಟರು, ಅಲ್ಲಿಯ ನರ್ಸು. ಆಕಾಶದಲ್ಲಿ ಉಪಗ್ರಹ ನಿಲ್ಲಿಸುವುದಕ್ಕಿಂತ ಹಳ್ಳಿಯಲ್ಲಿ ನರ್ಸನ್ನು ನಿಲ್ಲಿಸುವುದೇ ಕಷ್ಟ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಈ ಮಾತನ್ನು ಚೆನ್ನಾಗಿ ಅರ್ಥ ಮಾಡಿಕೊಂಡವರು ಬೆಂಗಳೂರಿನ ನಾರಾಯಣ ನೇತ್ರಾಲಯದವರು. ದಿನ ತುಂಬದೆ ಹುಟ್ಟಿದ ಮಗುವಿನ ಕಣ್ಣಿನ ರೆಟಿನಾದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆಯುವುದುಂಟು. ಮೊದಲ ಕೆಲವು ವಾರಗಳಲ್ಲೇ ಕಂಡುಹಿಡಿದು ಲೇಸರ್ ಮಾಡದಿದ್ದರೆ ಮಗು ಕುರುಡಾಗಬಹುದು. ಅದನ್ನು ನೋಡಬಲ್ಲ ತಜ್ಞರು ಬೆರಳೆಣಿಕೆ. 2008ರಲ್ಲಿ ಶುರುವಾದ 'ಕಿಡ್‌ರಾಪ್' ಯೋಜನೆಯಲ್ಲಿ ಅವರು ಡಾಕ್ಟರರನ್ನು ಕಳಿಸಲಿಲ್ಲ, ತಂತ್ರಜ್ಞರನ್ನು ತಯಾರು ಮಾಡಿದರು. ಅವರು ಕ್ಯಾಮೆರಾ ಹೊತ್ತು ಜಿಲ್ಲೆಜಿಲ್ಲೆಯ ಶಿಶು ಘಟಕಗಳಿಗೆ ಹೋಗಿ ಕಣ್ಣಿನ ಚಿತ್ರ ತೆಗೆಯುತ್ತಾರೆ, ತಜ್ಞರು ದೂರದಿಂದಲೇ ಫೋನಿನಲ್ಲಿ ನೋಡಿ ಹೇಳುತ್ತಾರೆ. ಮೊದಮೊದಲು ಎಷ್ಟು ತಾಯಂದಿರು ಹೆದರಿರಬಹುದೋ, ನಾಲ್ಕು ವಾರದ ಕೂಸಿನ ಕಣ್ಣಿಗೆ ಯಂತ್ರ ಇಡುವುದೆಂದರೆ!

ಇನ್ನು ಕಾನೂನು. ಇಷ್ಟೆಲ್ಲ ನಡೆದರೂ ದೂರದಿಂದ ಔಷಧಿ ಬರೆಯುವ ವೈದ್ಯನ ಹೊಣೆ ಎಲ್ಲಿಯವರೆಗೆ ಎಂದು ಹೇಳುವ ಸ್ಪಷ್ಟ ನಿಯಮ ಇರಲಿಲ್ಲ. ರತ್ನಾಗಿರಿಯಲ್ಲಿ ಹೆರಿಗೆಯಾದ ಮಹಿಳೆಯೊಬ್ಬರಿಗೆ ವೈದ್ಯರು ಊರಲ್ಲಿಲ್ಲದೆ ಫೋನಿನಲ್ಲೇ ಔಷಧಿ ಸೂಚಿಸಲಾಗಿತ್ತು. ಆಕೆ ಉಳಿಯಲಿಲ್ಲ. 2018ರಲ್ಲಿ ನಮ್ಮ ಮುಂಬೈ ಹೈಕೋರ್ಟ್ ಆ ವೈದ್ಯ ದಂಪತಿಗೆ ನಿರೀಕ್ಷಣಾ ಜಾಮೀನು ನಿರಾಕರಿಸಿದಾಗ, ಫೋನ್ ಎತ್ತಲೂ ಡಾಕ್ಟರುಗಳು ಹೆದರಿದರು. ಪರೇಲಿನ ಪ್ರಶ್ನೆಯನ್ನೇ ಕೋರ್ಟು ಕೇಳಿದಂತೆ ನನಗನ್ನಿಸಿತು.

ಉತ್ತರ ಬರೆಸಿದ್ದು ಕೊರೋನಾ. ಲಾಕ್‌ಡೌನಿನ ಮೊದಲ ದಿನ, 2020ರ ಮಾರ್ಚ್ 25ರಂದು, ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಟವಾಯಿತು: ಯಾವ ಔಷಧಿಯನ್ನು ಫೋನಿನಲ್ಲಿ ಬರೆಯಬಹುದು, ಯಾವುದನ್ನು ವಿಡಿಯೋದಲ್ಲಿ ನೋಡಿಯೇ ಬರೆಯಬೇಕು, ಯಾವುದನ್ನು ಬರೆಯಲೇಬಾರದು ಎಂಬುದೆಲ್ಲ ಅದರಲ್ಲಿತ್ತು. 2019ರಲ್ಲೇ ಶುರುವಾಗಿದ್ದ ಸರ್ಕಾರದ ಇ-ಸಂಜೀವಿನಿ ಆಮೇಲೆ ಓಡತೊಡಗಿತು. 2023ರ ಫೆಬ್ರವರಿಗೆ ಅದು ಹತ್ತು ಕೋಟಿ ಸಮಾಲೋಚನೆ ದಾಟಿತು.

ಕಳೆದ ಸಲ ಊರಿಗೆ ಹೋದಾಗ ಚಿಕ್ಕಮ್ಮನನ್ನು ಕೇಳಿದೆ, ಕಂಪ್ಯೂಟರಿನಲ್ಲಿ ಡಾಕ್ಟರು ನೋಡಿದರಂತಲ್ಲ, ಹೇಗಿದ್ದರು ಅಂತ. "ಅವರ ಮುಖ ಸರಿಯಾಗಿ ಕಾಣಲಿಲ್ಲ ಮಾರಾಯ" ಅಂದಳು, "ಬೀಪಿ ನೋಡಿದ್ದು, ಮಾತ್ರೆ ಕೊಟ್ಟಿದ್ದು, ಮರುದಿನ ಮನೆಗೆ ಬಂದು ವಿಚಾರಿಸಿದ್ದು ಎಲ್ಲ ಸಿಸ್ಟರೇ."