ಕಾಳಿನೊಳಗಿನ ಬುತ್ತಿ: ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಮಣ್ಣಿಲ್ಲದ ತಪ್ಪಲ ಪಲ್ಯ

ಕಲಬುರಗಿ ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ತಪ್ಪಲ ಪಲ್ಯ ಎರೆಹೊಲದ ಹಸಿಯನ್ನು ನಂಬಿ ನಿಂತಿದೆ. ಹಿಂಗಾರಿನಲ್ಲಿ ಕಡಲೆಯ ಕುಡಿ, ಕುಸುಬಿಯ ಎಳೆ ಎಲೆ, ಹಕ್ಕರಕಿ, ಮೆಂತ್ಯೆ ಎಲ್ಲವೂ ಜೋಳದ ರೊಟ್ಟಿಗೆ ಜೊತೆಯಾಗುತ್ತವೆ. ಎಳ್ಳಮಾವಾಸ್ಯೆಗೆ ಸೊಪ್ಪು–ಕಾಳು ಬೆರೆಸಿ ಮಾಡುವ ಭಜ್ಜಿಯಲ್ಲಿ ಆ ಸಮೃದ್ಧಿ ತುದಿ ಮುಟ್ಟುತ್ತದೆ. ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್–ಮೇ ಹೊತ್ತಿಗೆ ಒಣಗಿಸಿಟ್ಟ ಕಡಲೆ ಪಲ್ಯವೇ ಗತಿ. ಮನೆಯೊಳಗೆ ಮಣ್ಣಿಲ್ಲದೆ ಸೊಪ್ಪು ಬೆಳೆಯುವ ವಿದ್ಯೆಗೆ ಇಲ್ಲಿ ನಿಜವಾದ ಕೆಲಸವಿರುವುದು ಈ ಬರಗಾಲದ ತಿಂಗಳುಗಳಲ್ಲಿ.

ಮಣ್ಣಿನ ಬದಲು ಪೋಷಕ ದ್ರಾವಣದಲ್ಲಿ ಬೆಳೆಯುವ ಬೇಸಾಯ (ಹೈಡ್ರೋಪೋನಿಕ್ಸ್) ಭಾರತಕ್ಕೆ ಹೊಸದಲ್ಲ. ಅದರ ತಜ್ಞ ಶೋಲ್ಟೊ ಡಗ್ಲಸ್ 1946ರಲ್ಲೇ ಬಂಗಾಳದ ಕಾಲಿಂಪಾಂಗ್ ಸೀಮೆಯಲ್ಲಿ ಪ್ರಯೋಗ ಆರಂಭಿಸಿದ್ದರು. ಆದರೆ ದ್ರಾವಣದ ಪಿಎಚ್ 5.5ರಿಂದ 6.5ರೊಳಗೆ ಇರಬೇಕು. ಎರೆನಾಡಿನ ಬೋರ್ ನೀರು ಬಹಳ ಕಡೆ ಗಡಸು. ಅದರ ಬೈಕಾರ್ಬನೇಟ್ ಪಿಎಚ್ ಏರಿಸುತ್ತದೆ, ಕಬ್ಬಿಣ ಬೇರಿಗೆ ದಕ್ಕದೆ ಹೊಸ ಎಲೆ ಹಳದಿಯಾಗುತ್ತದೆ. ನೀರು ಕಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಇಳಿದು ಬೇರು ಕೊಳೆಯುತ್ತದೆ. ಕರೆಂಟು ಕೈಕೊಟ್ಟರೆ ಪಂಪೂ ನಿಂತಿತು. ಇಷ್ಟೆಲ್ಲ ಪಾಡುಪಟ್ಟು ಬೆಳೆಯುವ ಲೆಟಿಸ್ ರೊಟ್ಟಿಗೆ ಒಗ್ಗುವುದೂ ಇಲ್ಲ.

ದಾರಿ ಬೇರೆ ಕಡೆ ಇದೆ. ನವರಾತ್ರಿಯಲ್ಲಿ ಘಟ್ಟ ಹಾಕುವ (ಘಟಸ್ಥಾಪನೆ ಮಾಡುವ) ಮನೆಗಳಲ್ಲಿ ದೇವರ ಮುಂದೆ ತೆಳ್ಳಗೆ ಮಣ್ಣು ಹರಡಿ ಗೋಧಿ, ಜೋಳ ಬಿತ್ತುತ್ತಾರೆ. ದಶಮಿಗೆ ಹಳದಿ ಸಸಿ ಎದ್ದಿರುತ್ತದೆ. ಹೂಬಿಡುವ ಸಸ್ಯಗಳಲ್ಲಿ ಪತ್ರಹರಿತ್ತು ಸಿದ್ಧವಾಗುವ ಕೊನೆಯ ಹಂತಗಳಲ್ಲೊಂದಕ್ಕೆ ಬೆಳಕು ಬೇಕೇ ಬೇಕು, ದೇವರ ಮುಂದಿನ ಮಬ್ಬಿನಲ್ಲಿ ಅದು ಸಾಲದ್ದರಿಂದ ಆ ಬಣ್ಣ. ಆ ಎತ್ತರಕ್ಕೆ ಬೇಕಾದ ಆಹಾರ ಬಂದದ್ದು ಬಹುಪಾಲು ಕಾಳಿನೊಳಗಿನ ಬುತ್ತಿಯಿಂದ. ಮಣ್ಣು ತೇವ ಹಿಡಿದಿಟ್ಟಿತು, ಅಷ್ಟೆ. ಆ ಕೆಲಸವನ್ನು ಹತ್ತಿಬಟ್ಟೆಯೂ ತೆಂಗಿನ ನಾರಿನ ಪುಡಿಯೂ ಮಾಡಬಲ್ಲವು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಮಣ್ಣಿಲ್ಲದ ಬೇಸಾಯಕ್ಕೆಂದು ನಾರಿನ ಪುಡಿಯನ್ನು ಹುದುಗಿಸಿ ಹದಗೊಳಿಸುವ ವಿಧಾನವನ್ನು ರೂಪಿಸಿದೆ.

ಈ ಸೀಮೆಗೆ ತಕ್ಕ ಕಾಳು ಮೆಂತ್ಯೆ. ಒಂದು ರಾತ್ರಿ ನೆನೆದರೆ ಸುತ್ತ ಲೋಳೆ ಕಟ್ಟಿ, ತಟ್ಟೆಗೆ ಹಾಸಿದ ಒದ್ದೆ ಬಟ್ಟೆಗೆ ತಾನೇ ಅಂಟಿಕೊಳ್ಳುತ್ತದೆ. ಮೊಳಕೆ ಕಣ್ಣುಬಿಟ್ಟ ಮೇಲೆ ಬೆಳಕು ಬೀಳುವ, ಆದರೆ ಬಿಸಿಲು ತಾಗದ ಕಿಟಕಿಯಲ್ಲಿಟ್ಟರೆ ಹತ್ತು ದಿನದೊಳಗೆ ಎರಡು ದಪ್ಪ ಹಸಿರು ಎಲೆ. ಮುಂದೆ ಬೆಳೆಸುತ್ತೇನೆಂದರೆ ಗೊಬ್ಬರದ ದ್ರಾವಣ ಬೇಕಾಗುತ್ತದೆ. ಬುತ್ತಿ ಅಲ್ಲಿಗೆ ಬರಿದು.

ಅಪಾಯವೂ ಇದೆ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯೆ ಮೊಳಕೆಯಿಂದ ಹರಡಿದ ಇ. ಕೊಲಿ ಸೋಂಕಿಗೆ 50ಕ್ಕೂ ಹೆಚ್ಚು ಮಂದಿ ಬಲಿಯಾದರು. ಮೊಳಕೆಗೆ ಬೇಕಾದ ತೇವ–ಸೆಕೆಯೇ ರೋಗಾಣುವಿಗೂ ಬೇಕು, ಮೇ ತಿಂಗಳ ಅಡುಗೆಮನೆಯಲ್ಲಿ ಸೆಕೆಗೇನು ಕೊರತೆ. ಬಿತ್ತನೆಗೆಂದು ಔಷಧ ಸವರಿದ ಬೀಜವಂತೂ ಬೇಡ. ಬೇರು, ಬಟ್ಟೆ ಬಿಟ್ಟು ಮೇಲಿನ ಎಲೆಯಷ್ಟನ್ನೇ ಕತ್ತರಿಸಬೇಕು. ಕೂಸು, ಬಸುರಿಯರಿರುವ ಮನೆಯಲ್ಲಿ ಅದನ್ನು ಹಸಿಯಾಗಿ ತಿನ್ನದೆ ತೊಗರಿಬೇಳೆಗೆ ಹಾಕಿ ಕುದಿಸುವುದೇ ಸರಿ.